ಅಡ್ಡಕ್ಕೆ ತಳ್ಳಿ ನೋಡು

ಅಕ್ಕ ಯಾರನ್ನಾದರೂ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ನಾವೆಲ್ಲ ಕತ್ತು ಹೊರಳಿಸಿ ಮುಗಿಸುವ ಕೆಲಸ ಅದು. ಅವರು ಕಾಲಿನಿಂದ ನೆಲ ಒತ್ತಿ, ತಿರುಗುವ ಕುರ್ಚಿಯನ್ನು ತಿರುಗಿಸಿ, ಮುಖ, ಭುಜ, ಎದೆ ಎಲ್ಲವನ್ನೂ ಒಟ್ಟಿಗೆ ತಂದು ಬಂದವರ ಎದುರು ನಿಲ್ಲಿಸುತ್ತಿದ್ದರು. ಗೊತ್ತಿಲ್ಲದವರಿಗೆ ಅದು ದೊಡ್ಡಸ್ತಿಕೆಯಾಗಿ ಕಾಣುತ್ತಿತ್ತು. ಕೊಬ್ಬರಿ ಮಂಡಿಯ ಒಬ್ಬ ಯಜಮಾನರು ನಮ್ಮ ಮಾಲೀಕರ ಹತ್ತಿರ ದೂರು ಹೇಳಿದ್ದೂ ಉಂಟು, ನಿಮ್ಮ ಪ್ರೆಸ್ಸಿನ ಹೆಣ್ಣುಮಗಳು ಮಹಾರಾಣಿ ಥರ ಕೂತಿರ್ತಾಳಪ್ಪ ಅಂತ. ಅಕ್ಕನಿಗೆ ಆ ಮಾತು ತಲುಪಿದಾಗ ನಕ್ಕುಬಿಟ್ಟರು. "ಅವರಿಗೆ ಹೇಳಿ, ನಂದು ಕತ್ತಲ್ಲ, ಕಂಬ ಅಂತ" ಅಂದರು.

ಹೋದ ತಿಂಗಳು ಅವರು ತೀರಿಕೊಂಡರು. ದಂಡಿನಶಿವರದಿಂದ ಅವರ ತಮ್ಮ ಫೋನ್ ಮಾಡಿ, ಬೆಳಗ್ಗೆ ಮುಖ ಒರೆಸಲು ಹೋದಾಗ ಅಕ್ಕ ಇರಲಿಲ್ಲ ಎಂದಷ್ಟೇ ಹೇಳಿದರು. ನಾನು ಫೋನ್ ಇಟ್ಟು, ಎದುರಿಗಿದ್ದ ಮದುವೆ ಕರೆಯೋಲೆಯ ಅಕ್ಷರಗಳನ್ನೇ ಸ್ವಲ್ಪ ಹೊತ್ತು ನೋಡುತ್ತಾ ಕೂತಿದ್ದೆ. ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪ್ರೆಸ್ಸಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. ಅವರಿಗಿಂತ ವಯಸ್ಸಿನಲ್ಲಿ ದೊಡ್ಡವನಾದ ಮೆಷಿನ್ ಓಡಿಸುವ ಅಣ್ಣ ಕೂಡ ಅಕ್ಕ ಎಂದೇ ಕರೆಯುತ್ತಿದ್ದ.

ತಿಪಟೂರಿನ ಸಂತೆ ಬೀದಿಯ ಹಿಂದೆ ನಮ್ಮ ಪ್ರೆಸ್ಸಿತ್ತು. ಮದುವೆ, ಗೃಹಪ್ರವೇಶ, ತೀರಿಹೋದವರ ಶಿವಗಣಾರಾಧನೆಯ ಕಾರ್ಡುಗಳು, ಕೊಬ್ಬರಿ ಮಂಡಿಗಳ ಬಿಲ್ ಪುಸ್ತಕಗಳು, ಶಾಲೆಗಳ ಕರಪತ್ರಗಳು, ಇವೇ ನಮ್ಮ ಕೆಲಸ. ನಾನು ಓದು ಮುಗಿಸಿ, ಬೇರೆ ದಾರಿ ಕಾಣದೆ ಕನ್ನಡ ಟೈಪಿಂಗ್ ಕಲಿಯಲು ಅಲ್ಲಿಗೆ ಹೋದೆ. ಅಕ್ಕ ಮೊದಲ ದಿನವೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೈಯನ್ನು ನೋಡಬೇಡ, ಪರದೆ ನೋಡು ಅಂದರು. ಅವರು ಹಾಗೆ ಹೇಳಿದ್ದು ಬೇರೆ ಅರ್ಥದಲ್ಲಿ ಎಂದು ಆಮೇಲೆ ತಿಳಿಯಿತು. ಅವರಿಗೆ ತಮ್ಮ ಕೈಯನ್ನು ನೋಡಿಕೊಳ್ಳಲು ಆಗುತ್ತಲೇ ಇರಲಿಲ್ಲ. ಕೀಲಿಮಣೆ ಎಲ್ಲಿದೆ ಎಂಬುದು ಅವರಿಗೆ ಬೆರಳಿನಿಂದ ಗೊತ್ತು, ಅಷ್ಟೇ.

ಬೆನ್ನುಮೂಳೆಗಳು ನಿಧಾನಕ್ಕೆ ಒಂದಕ್ಕೊಂದು ಅಂಟಿಕೊಂಡು ಹೋಗುವ ಕಾಯಿಲೆ ಅದು. ಹರೆಯದಲ್ಲೇ ಶುರುವಾಗಿತ್ತಂತೆ. ಬೆಳಗ್ಗೆ ಏಳುವಾಗ ಮೈ ಮರದ ಹಾಗೆ ಬಿಗಿದಿರುತ್ತಿತ್ತು, ಓಡಾಡಿದರೆ ಸಡಿಲವಾಗುತ್ತಿತ್ತು. ಮನೆಯವರು ವಾಯು ಅಂದರು, ಎಣ್ಣೆ ಹಚ್ಚಿದರು, ಹುಳಿಯಾರಿನ ಕಡೆಯ ಯಾರೋ ನರ ಎಳೆಯುವವರ ಹತ್ತಿರ ಕರೆದುಕೊಂಡು ಹೋದರು. ಕೆಲಸಕ್ಕೆ ಸೇರಿದ ಮೇಲೆ ಎಲ್ಲರೂ ಕಂಪ್ಯೂಟರ್ ಮುಂದೆ ಕೂತು ಬಂದ ನೋವು ಎಂದು ತೀರ್ಮಾನಿಸಿದರು. ಬೆಂಗಳೂರಿನ ಡಾಕ್ಟರೊಬ್ಬರು ಸರಿಯಾದ ಹೆಸರು ಹೇಳಿದಾಗ ಕತ್ತಿನವರೆಗೂ ಮೂಳೆ ಕೂಡಿಕೊಂಡಾಗಿತ್ತು. ಮುಂದಕ್ಕೆ ಹೋಗದ ಹಾಗೆ ಔಷಧಿ ಕೊಡಬಹುದು, ಕೂಡಿದ್ದನ್ನು ಬಿಡಿಸಲಾಗದು ಎಂದರಂತೆ ಅವರು. "ಊರಿಗೆಲ್ಲ ಮೂಳೆ ಕೂಡು ಬಿಟ್ಕೊಳ್ಳೋದೇ ತೊಂದ್ರೆ. ನಂಗೆ ಕೂಡ್ಕೊಂಡಿದ್ದೇ ತೊಂದ್ರೆ ಕಣೇ" ಎಂದು ಅಕ್ಕ ಅದನ್ನು ನನಗೆ ಹೇಳಿದ್ದರು.

ಮದುವೆಯ ಮಾತನ್ನು ಒಂದೇ ಸಲ ಎತ್ತಿದ್ದರು. ಚಿಕ್ಕನಾಯಕನಹಳ್ಳಿ ಕಡೆಯವರು ನೋಡಲು ಬಂದಿದ್ದರಂತೆ. ಇವರು ಕಾಫಿ ತಟ್ಟೆ ಹಿಡಿದು ಹೋಗಿ, ನೆಟ್ಟಗೆ ಗಂಡಿನ ತಾಯಿಯ ಮುಖವನ್ನೇ ನೋಡುತ್ತಾ ನಿಂತರು. ಬೇರೆ ಎಲ್ಲಿ ನೋಡಲೂ ಆಗ ಕತ್ತು ಬಿಡುತ್ತಿರಲಿಲ್ಲ. ಹೋಗುವಾಗ ಬಗ್ಗಿ ಕಾಲಿಗೆ ನಮಸ್ಕಾರ ಮಾಡಲೂ ಇಲ್ಲ. ಆ ಮನೆಯಿಂದ ಬಂದ ಉತ್ತರ, ಹುಡುಗಿ ಚೆನ್ನಾಗಿದ್ದಾಳೆ, ಆದರೆ ತಲೆ ತಗ್ಗಿಸೋದೇ ಗೊತ್ತಿಲ್ಲ ಎಂದು. ಇದನ್ನು ಹೇಳಿ ಅಕ್ಕ ನಕ್ಕರು. ನಾನೂ ನಗಬೇಕೆಂದು ಅವರಿಗಿತ್ತೋ ಏನೋ. ನನಗೆ ಆಗಲಿಲ್ಲ.

ಕತ್ತು ಬಗ್ಗದವರಿಗೆ ಮಾನಿಟರ್ ಕಣ್ಣಿನ ನೇರಕ್ಕೇ ಬರಬೇಕು. ಮೊದಮೊದಲು ಅದರ ಕೆಳಗೆ ಬಿಳಿ ಹಾಳೆಯ ರೀಮುಗಳನ್ನು ಪೇರಿಸಿ ಇಡುತ್ತಿದ್ದೆವು. ಅರ್ಜೆಂಟ್ ಕೆಲಸ ಬಂದು ಹಾಳೆ ಸಾಲದಾದರೆ ಮೆಷಿನ್ ಅಣ್ಣ ಬಂದು, ಅಕ್ಕಾ ಒಂದು ರೀಮು ತಗೋತೀನಿ ಎಂದು ಎಳೆದುಕೊಳ್ಳುತ್ತಿದ್ದ. ಮದುವೆ ಕಾಲದಲ್ಲಿ ಪರದೆ ದಿನೇದಿನೇ ಇಳಿಯುತ್ತಿತ್ತು. ಅಕ್ಕ ಕುರ್ಚಿಯಲ್ಲಿ ಜಾರಿ ಜಾರಿ ಕೂತು, ಸಂಜೆಗೆ ಸೊಂಟ ಹಿಡಿದುಕೊಂಡು ಏಳಲಾರದೆ ಏಳುತ್ತಿದ್ದರು. ಮಾಲೀಕರು ಒಳ್ಳೆಯವರು. ಒಂದು ದಿನ ಅದನ್ನು ನೋಡಿ, ಬಡಗಿಯೊಬ್ಬರಿಗೆ ಹೇಳಿ ಪ್ಲೈವುಡ್ಡಿನ ಸ್ಟ್ಯಾಂಡ್ ಮಾಡಿಸಿಕೊಟ್ಟರು. ಮೇಲೊಂದು ಹಲಗೆ, ಎರಡು ಪಕ್ಕಕ್ಕೆ ಎರಡು ಹಲಗೆ, ಒಂದು ಗೇಣಿಗಿಂತ ಎತ್ತರ.

ಅದು ತಿಂಗಳೊಳಗೆ ಓಲಾಡತೊಡಗಿತು. ಕಾರಣ ನಮಗೆಲ್ಲ ಗೊತ್ತಿತ್ತು. ಅಕ್ಕ ಕುರ್ಚಿಯಿಂದ ಏಳುವಾಗ ಆಸರೆಗೆ ಅದನ್ನೇ ಹಿಡಿಯುತ್ತಿದ್ದರು. ಬೆನ್ನು ಬಗ್ಗಿಸಿ ಮುಂದಕ್ಕೆ ವಾಲಿ ಏಳುವುದು ನಮ್ಮ ನಿಮ್ಮ ಕ್ರಮ. ಅವರಿಗೆ ಎದೆಯ ಮಟ್ಟದಲ್ಲಿ ಏನಾದರೂ ಗಟ್ಟಿಯಾದದ್ದು ಬೇಕಿತ್ತು. ಮಾಲೀಕರು ಕೈ ಇರುವ ಕುರ್ಚಿ ತಂದುಕೊಟ್ಟು ನೋಡಿದರು, ಅದರ ಕೈಗಳು ತೀರಾ ತಗ್ಗಿನಲ್ಲಿದ್ದವು. ಗೋಡೆಗೆ ಕಬ್ಬಿಣದ ಹಿಡಿ ಹಾಕಿಸಲು ಹೋದರೆ ಆ ಹಳೇ ಮಣ್ಣುಗೋಡೆ ಉದುರಿತು. ಹೀಗಾಗಿ ಅವರು ಕುರ್ಚಿಯನ್ನು ಬಲಕ್ಕೆ ಸರಿಸಿ, ಎಡಕ್ಕೆ ಹೊರಳಿಸಿ, ಸ್ಟ್ಯಾಂಡಿನ ಬಲದಂಚಿನ ಮೇಲೆ ಎರಡೂ ಅಂಗೈ ಊರಿ, ಅದನ್ನು ಒತ್ತಿ ಏಳುತ್ತಿದ್ದರು. ಬಡಗಿ ರಿಪೇರಿಗೆ ಬಂದಾಗ ಸ್ವಲ್ಪ ಬೇಸರದಲ್ಲೇ ಹೇಳಿದ, ಇದು ಮಾನಿಟರ್ ಇಡೋಕೆ ಮಾಡಿದ್ದಮ್ಮ, ಮನುಷ್ಯರು ಒರಗೋಕಲ್ಲ ಅಂತ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಕ್ಕನೂ ತಪ್ಪು ಅನ್ನಲಿಲ್ಲ. ಅವನು ಹೋದ ಮೇಲೆ, "ಮನುಷ್ಯರು ಒರಗೋ ಹಂಗೆ ನಾನೇ ಮಾಡ್ತೀನಿ ಬುಡು" ಅಂದರು.

ಮಾತಿಗೆ ಅಂದದ್ದು ಎಂದುಕೊಂಡೆ. ಮುಂದಿನ ಸೋಮವಾರ ಅವರ ತಮ್ಮ ದಂಡಿನಶಿವರದಿಂದ ಬಸ್ಸಿನ ಮೇಲೆ ಹಲಗೆ ಹಾಕಿಸಿಕೊಂಡು ಬಂದು ಇಳಿಸಿದರು. ತೋಟದಲ್ಲಿ ಕಾಂಡ ಸೋರುವ ರೋಗ ಬಂದು ಒಣಗಿದ ಮುದಿ ತೆಂಗಿನ ಮರವನ್ನು ಕಡಿದು ಸೀಳಿಸಿದ್ದ ಹಲಗೆ. ನೋಡಲು ಬಲು ಚೆಂದ, ಕಪ್ಪು ಗೆರೆ ಗೆರೆ. ಅಕ್ಕ ಅಂಗಡಿಯಿಂದ ಗರಗಸ, ಉಳಿ, ಕೈ ಡ್ರಿಲ್ಲು ತರಿಸಿದರು. ಬಗ್ಗಿ ಕೆಲಸ ಮಾಡಲಾಗದವರು ಹೇಗೆ ಮಾಡುತ್ತಾರೆ ಎಂದು ನೋಡಿದರೆ, ಹಾಳೆ ಕತ್ತರಿಸುವ ದೊಡ್ಡ ಮೇಜಿನ ಮೇಲೆ ಇನ್ನೊಂದು ಸಣ್ಣ ಮೇಜನ್ನು ಹತ್ತಿಸಿ, ಹಲಗೆಯನ್ನು ಕಣ್ಣಿನ ನೇರಕ್ಕೆ ತಂದುಕೊಂಡಿದ್ದರು. ನಾನು ಎದುರುಗಡೆಯಿಂದ ಹಿಡಿದುಕೊಳ್ಳುತ್ತಿದ್ದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಈ ಕೆಲಸ. ಮರದ ಪುಡಿ ನಮ್ಮ ಚಿತ್ರಾನ್ನದ ಡಬ್ಬಿಗೂ ಬೀಳುತ್ತಿತ್ತು.

ಆ ತೆಂಗಿನ ಸ್ಟ್ಯಾಂಡು ಒಂದು ವಾರವೂ ಬಾಳಲಿಲ್ಲ. ಮೇಲಿನ ಹಲಗೆಯಿಂದ ಪಕ್ಕದ ಹಲಗೆಯ ತುದಿಗೆ ನೇರವಾಗಿ ಸ್ಕ್ರೂ ಇಳಿಸಿದ್ದರು. ತೆಂಗಿನ ಮರ ಹೊರಗಡೆ ಕಬ್ಬಿಣ, ಒಳಗಡೆ ನಾರು ಮತ್ತು ಹಿಟ್ಟು. ಅಕ್ಕ ಎದ್ದು ನಿಲ್ಲುವಾಗ ಸ್ಕ್ರೂಗಳು ರಾಗಿ ಹಿಟ್ಟಿನಂಥ ಪುಡಿಯನ್ನು ಹೊತ್ತುಕೊಂಡು ಕಿತ್ತು ಬಂದವು. ಮಾನಿಟರನ್ನು ನಾನು ಹಿಡಿದುಕೊಂಡೆ. ಅಕ್ಕ ಹೇಗೋ ಕುರ್ಚಿಗೇ ಕುಸಿದು ಕೂತರು. ಬೆಂಗಳೂರಿನ ಡಾಕ್ಟರು ಬೀಳಬೇಡಿ ಎಂದು ಗಟ್ಟಿಯಾಗಿ ಹೇಳಿ ಕಳಿಸಿದ್ದರು. ಅಂಟಿಕೊಂಡ ಬೆನ್ನುಮೂಳೆ ಬಳುಕುವುದಿಲ್ಲ, ಸಣ್ಣ ಪೆಟ್ಟಿಗೂ ಮುರಿಯಬಹುದು ಎಂದಿದ್ದರು.

ಅವತ್ತೇ ಅವರು ನಮ್ಮನ್ನೆಲ್ಲ ಕರೆದು ಆ ಮಾತು ಹೇಳಿದ್ದು. ಮಾಲೀಕರು, ಮೆಷಿನ್ ಅಣ್ಣ, ನಾನು ಮೂವರೂ ನಿಂತಿದ್ದೆವು. "ನಾನು ಬಿದ್ರೆ ಯಾರೂ ಎತ್ತಬಾರದು. ಹೆಂಗೆ ಬಿದ್ದಿರ್ತೀನೋ ಹಂಗೇ ಬುಟ್ಟು ಆಂಬುಲೆನ್ಸ್‌ಗೆ ಫೋನ್ ಮಾಡಿ" ಅಂದರು. ಮೂವರಿಂದಲೂ ಹೂಂ ಅನ್ನಿಸಿಕೊಂಡರು.

ಮೂರನೆಯದಕ್ಕೆ ಹಲಸಿನ ಹಲಗೆ ಬಂತು. ತಮ್ಮನ ಮನೆಯ ಅಡಿಗೆಕೋಣೆಯಲ್ಲಿ ಪಾತ್ರೆ ಇಡುತ್ತಿದ್ದ ಹಳೇ ಹಲಗೆ ಅದು, ಹೊಗೆ ಕುಡಿದು ಅರಿಶಿನ ಬಣ್ಣ ಹೋಗಿ ಕಂದಾಗಿತ್ತು. ಈ ಸಲ ಅಕ್ಕ ಅವಸರ ಮಾಡಲಿಲ್ಲ. ಮುರಿದ ಎರಡು ಸ್ಟ್ಯಾಂಡುಗಳನ್ನೂ ಎದುರಿಗಿಟ್ಟುಕೊಂಡು ಎಲ್ಲಿ ಬಿಟ್ಟಿದೆ ಎಂದು ನೋಡಿದರು. ಎರಡೂ ಬಿಟ್ಟದ್ದು ಒಂದೇ ಕಡೆ, ಮೇಲಿನ ಹಲಗೆ ಪಕ್ಕದ ಹಲಗೆಯನ್ನು ಸೇರುವ ಮೂಲೆಯಲ್ಲಿ. ಮೇಲಿನಿಂದ ಬೀಳುವ ಭಾರಕ್ಕೆ ಯಾವುದೂ ಬಿಟ್ಟಿರಲಿಲ್ಲ. ಇವರು ಒತ್ತುವಾಗ ಅಡ್ಡಡ್ಡಕ್ಕೆ ಬೀಳುವ ಭಾರಕ್ಕೆ ಬಿಟ್ಟಿದ್ದವು. ಹಾಗಾಗಿ ಮೇಲಿನ ಹಲಗೆಯ ಅಡಿಯಲ್ಲಿ ಎರಡು ಗಾಡಿಗಳನ್ನು, ಅಂದರೆ ಪಕ್ಕದ ಹಲಗೆ ಕೂರುವಷ್ಟೇ ಅಗಲದ ಕಾಲುವೆಗಳನ್ನು, ಉಳಿಯಿಂದ ಕೊರೆದರು. ಪಕ್ಕದ ಹಲಗೆಗಳ ತಲೆ ಅದರೊಳಗೆ ಬಿಗಿಯಾಗಿ ಕೂರಬೇಕು. ಮೊದಲನೇದು ಸಡಿಲವಾಯಿತು, ಆ ತುದಿ ಕೊಯ್ದು ಬಿಸಾಡಿ ಮತ್ತೆ ಕೊರೆದರು. ಒಳಮೂಲೆಗಳಿಗೆ ಮೂರು ಮೂಲೆಯ ಮರದ ತುಂಡುಗಳು, ಹಿಂದುಗಡೆಗೆ ಪೂರ್ತಿ ಮುಚ್ಚುವ ಹಾಗೆ ಒಂದು ಅಡ್ಡ ಹಲಗೆ. ಎಲ್ಲಕ್ಕೂ ಬಿಳಿ ಅಂಟು ಹಚ್ಚಿ, ಮೇಲೆ ರೀಮುಗಳನ್ನು ಹೇರಿ, ಎರಡು ದಿನ ಯಾರೂ ಮುಟ್ಟಕೂಡದು ಎಂದು ಹೇಳಿದರು.

ರೀಮು ಇಳಿಸಿದ ದಿನ ಮೆಷಿನ್ ಅಣ್ಣ ಉತ್ಸಾಹದಿಂದ ಸ್ಟ್ಯಾಂಡನ್ನು ನೆಲಕ್ಕಿಟ್ಟು ಅದರ ಮೇಲೆ ಹತ್ತಿ ನಿಂತ. ತೂಕದ ಆಳು ಅವನು.

"ನೋಡಕ್ಕಾ, ಏನೂ ಆಗಲಿಲ್ಲ" ಅಂದ.

ಅಕ್ಕ ಮೈ ತಿರುಗಿಸಿ ಅವನ ಕಡೆ ನಿಂತರು. "ಮೇಲೆ ನಿಂತ್ರೆ ಯಾವುದಾದ್ರೂ ತಡೀತದೆ ಕಣಪ್ಪ. ಇಳಿ. ಅಡ್ಡಕ್ಕೆ ತಳ್ಳಿ ನೋಡು."

ಅವನು ಇಳಿದು, ಒಂದು ಕಾಲಿನಿಂದ ಅದರ ಬುಡವನ್ನು ತಡೆದು, ಎರಡೂ ಕೈಯಿಂದ ಪಕ್ಕಕ್ಕೆ ತಳ್ಳಿದ. ಅವನ ಕತ್ತಿನ ನರ ಉಬ್ಬಿತು. ಸ್ಟ್ಯಾಂಡು ಅಲುಗಲಿಲ್ಲ, ಕಿರುಗುಟ್ಟಲೂ ಇಲ್ಲ. ಆಗ ಅಕ್ಕನ ಮುಖದಲ್ಲಿ ಬಂದ ನಗು ನನಗೆ ಇವತ್ತಿಗೂ ಹಾಗೇ ಕಾಣುತ್ತದೆ. ಮಾಲೀಕರು ಒಳಗಿನಿಂದ ಬಂದು, ಏನಮ್ಮ ಇನ್ನು ಮೇಲೆ ಬಡಗಿ ಕೆಲಸದ ಬೋರ್ಡೂ ಹಾಕೋಣವಾ ಎಂದು ಕೇಳಿ, ಎಲ್ಲರಿಗೂ ವಡೆ ತರಿಸಿದರು.

ಆ ಸ್ಟ್ಯಾಂಡಿನ ಪಕ್ಕಕ್ಕೆ ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಅಂಟಿಸಿ, ಗಿರಾಕಿಗಳು ಬರೆದು ತಂದ ಚೀಟಿಗಳನ್ನು ಅದಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಮೇಜಿನ ಮೇಲಿಟ್ಟ ಕಾಗದವನ್ನು ಅವರು ನೋಡಲಾರರಲ್ಲ. ಹಾಗೆ ವರ್ಷಗಟ್ಟಲೆ ನಡೆಯಿತು. ತಾಲ್ಲೂಕಿನ ಅರ್ಧ ಜನರ ಮದುವೆ, ನಾಮಕರಣ, ಸಾವು ಆ ಕ್ಲಿಪ್ಪಿನಲ್ಲಿ ನೇತಾಡಿ ಹೋಗಿರಬೇಕು. ತಪ್ಪು ಅವರ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ. ಒಂದು ಶಿವಗಣಾರಾಧನೆಯ ಕಾರ್ಡಿನಲ್ಲಿ ಬದುಕಿದ್ದ ತಮ್ಮನ ಹೆಸರನ್ನು ತೀರಿಹೋದ ಅಣ್ಣನ ಜಾಗದಲ್ಲಿ ಬರೆದುಕೊಂಡು ಬಂದಿದ್ದರು. ಅಕ್ಕ ಓದಿ, ಚೀಟಿ ತಂದಿದ್ದ ಆ ಅಣ್ಣನ ಮಗನನ್ನು ಮೆತ್ತಗೆ ಕೇಳಿದರು, ನಿಮ್ಮ ಚಿಕ್ಕಪ್ಪ ಹುಷಾರಾಗಿದ್ದಾರಲ್ಲ ಅಂತ. ಅವನು ಅಲ್ಲೇ ಅತ್ತುಬಿಟ್ಟ. ಅಳುವವರ ಎದುರು ಅಕ್ಕ ನೀರು ಇಟ್ಟು, ತಮ್ಮ ಕೆಲಸವನ್ನು ಸ್ವಲ್ಪ ನಿಧಾನ ಮಾಡುತ್ತಿದ್ದರು.

ಸಂತೆ ಬೀದಿಯ ಆ ಹಳೇ ಕಟ್ಟಡ ಬೀಳಿಸುತ್ತಾರೆಂದಾಗ ಮಾಲೀಕರು ಪ್ರೆಸ್ಸನ್ನು ಬಸ್ ನಿಲ್ದಾಣದ ಹತ್ತಿರದ ಹೊಸ ಕಾಂಪ್ಲೆಕ್ಸಿಗೆ ಸಾಗಿಸಿದರು. ಗಾಜಿನ ಬಾಗಿಲು, ಹೊಳೆಯುವ ಟೈಲ್ಸ್ ನೆಲ, ಕಬ್ಬಿಣದ ಕಾಲಿನ ಹಗುರ ಮೇಜುಗಳು. ಅಕ್ಕ ತಮ್ಮ ಹಲಸಿನ ಸ್ಟ್ಯಾಂಡನ್ನು ಅಲ್ಲಿಗೂ ತಂದರು. ಅದನ್ನು ಮೇಜಿಗೆ ಸ್ಕ್ರೂ ಹಾಕಿ ಬಿಗಿಸಬೇಕೆಂದರು. ಮಾಲೀಕರು ಹೊಸ ಮೇಜು ಎಂದು ನೋಡದೆ ತೂತು ಹೊಡೆಸಿದರು. ಮೇಜಿನ ಎಡತುದಿ ಗೋಡೆಗೆ ಒತ್ತಿಕೊಂಡಿರುವ ಹಾಗೆ ಜಾಗ ಮಾಡಿಕೊಂಡರು. ಇವರು ಎಷ್ಟು ಒತ್ತಿದರೂ ಅದು ಗೋಡೆಗೆ ಹೋಗಿ ನಿಲ್ಲುತ್ತಿತ್ತು. ಎಲ್ಲ ಯೋಚನೆ ಮಾಡಿಯೇ ಮಾಡಿದ್ದು.

ಅದು ಆಯುಧಪೂಜೆಯ ದಿನ. ಬೆಳಗ್ಗೆಯಿಂದ ಎಲ್ಲರೂ ಸೇರಿ ಪ್ರೆಸ್ ತೊಳೆದಿದ್ದೆವು. ಮೇಜುಗಳನ್ನೆಲ್ಲ ಎಳೆದು, ಧೂಳು ಹೊಡೆದು, ಒರೆಸಿ, ಮತ್ತೆ ಜಾಗಕ್ಕೆ ತಳ್ಳಿದ್ದೆವು. ಮಾಲೀಕರು, ಮೆಷಿನ್ ಅಣ್ಣ, ನಾನು, ಪಕ್ಕದ ಜೆರಾಕ್ಸ್ ಅಂಗಡಿಯವರು, ಎಲ್ಲರ ಕೈಯೂ ಎಲ್ಲದರ ಮೇಲೂ ಓಡಾಡಿತ್ತು. ಅಕ್ಕನ ಮೇಜು ಗೋಡೆಯಿಂದ ಅಂಗೈಯಷ್ಟು ದೂರ ಉಳಿದಿತ್ತು. ಅದನ್ನು ಕೊನೆಗೆ ತಳ್ಳಿದವರು ಯಾರು ಎಂದು ಆಮೇಲೆ ಯಾರೂ ಕೇಳಲಿಲ್ಲ, ಯಾರಿಗೂ ನೆನಪಿರಲೂ ಇಲ್ಲ. ಅಕ್ಕ ರೇಷ್ಮೆ ಸೀರೆ ಉಟ್ಟುಕೊಂಡು ಬಂದು, ಕೂತು, ಮಾನಿಟರಿಗೆ ಕುಂಕುಮ ಇಟ್ಟರು. ಮಂಗಳಾರತಿಗೆ ಕರೆದಾಗ ಎಂದಿನ ಹಾಗೆ ಕುರ್ಚಿ ಹೊರಳಿಸಿ, ಸ್ಟ್ಯಾಂಡಿನ ಅಂಚಿಗೆ ಎರಡೂ ಅಂಗೈ ಊರಿದರು.

ಸ್ಟ್ಯಾಂಡು ಬಿಡಲಿಲ್ಲ. ಮೇಜಿಗೂ ಅದಕ್ಕೂ ನಡುವಿನ ಸ್ಕ್ರೂ ಬಿಡಲಿಲ್ಲ. ಒರೆಸಿದ ತೇವ ಇನ್ನೂ ಆರದ ಟೈಲ್ಸಿನ ಮೇಲೆ ಮೇಜು ಅಷ್ಟೂ ಒಟ್ಟಿಗೆ ಗೋಡೆಯ ಕಡೆಗೆ ಸರ್ರನೆ ಜಾರಿತು. ಅರ್ಧ ಎದ್ದಿದ್ದ ಅಕ್ಕ ಕೈಗೆ ಆಸರೆ ಸಿಗದೆ ಪಕ್ಕಕ್ಕೆ ಬಿದ್ದರು. ಜೋರಾಗಿ ಬಿದ್ದದ್ದೇನಲ್ಲ. ಮಕ್ಕಳು ಆಡುವಾಗ ಬೀಳುತ್ತಾರಲ್ಲ, ಅಷ್ಟೇ. ನಾನು ಕರ್ಪೂರದ ತಟ್ಟೆ ಹಿಡಿದು ಬಾಗಿಲ ಹತ್ತಿರ ನಿಂತಿದ್ದೆ.

ಪೂಜೆಗೆಂದು ಅಕ್ಕಪಕ್ಕದ ಅಂಗಡಿಯವರು, ಗಿರಾಕಿಗಳು ತುಂಬಿದ್ದರು. ಎಲ್ಲರೂ ಒಮ್ಮೆಲೇ ನುಗ್ಗಿದರು. ಎತ್ತಬೇಡಿ ಎಂದು ನಾನು ಕಿರುಚಿದೆ. ಮಾಲೀಕರೂ ಕಿರುಚಿದರು. ನೀರು ತನ್ನಿ, ಗಾಳಿ ಬಿಡಿ ಎಂದು ಉಳಿದವರೂ ಕಿರುಚುತ್ತಿದ್ದರು. ನಾನು ತಟ್ಟೆಯನ್ನು ನೆಲಕ್ಕೆ ಹಾಕಿ ಜನರ ಬೆನ್ನುಗಳನ್ನು ಎಳೆಯುತ್ತಾ ಒಳಗೆ ತೂರಲು ನೋಡಿದೆ. ಬೆನ್ನುಗಳ ಸಂದಿಯಿಂದ ಅಕ್ಕನ ಮುಖ ಕಾಣಿಸಿತು. ಅವರಿಗೆ ಪ್ರಜ್ಞೆ ಇತ್ತು. ತುಟಿ ಅಲುಗುತ್ತಿತ್ತು.

"ಎತ್ತಬೇಡಿ" ಎಂದರು. ದನಿ ಸಣ್ಣದಾಗಿತ್ತು, ಸ್ಪಷ್ಟವಾಗಿತ್ತು.

ಅವರ ಕಂಕುಳಿಗೆ ಕೈ ಹಾಕಿದ್ದ ಗಟ್ಟಿಮುಟ್ಟಾದ ಗಿರಾಕಿಯೊಬ್ಬರು, "ಹೆದರ್ಕೋಬೇಡಿ ತಾಯಿ, ನಾವಿದ್ದೀವಿ" ಎಂದು ಅಕ್ಕರೆಯಿಂದ ಹೇಳಿ ಎತ್ತಿ ಕೂರಿಸಿದರು. ಅಕ್ಕನ ತಲೆ ಹಿಂದಕ್ಕೆ ವಾಲಿತು. ಅಷ್ಟು ವರ್ಷ ಒಂದು ಕೂದಲೆಳೆಯಷ್ಟೂ ಬಗ್ಗದ ಕತ್ತು ಅದು.

ತಿಪಟೂರಿನಿಂದ ತುಮಕೂರು, ತುಮಕೂರಿನಿಂದ ಬೆಂಗಳೂರು. ಆಪರೇಷನ್ ಆಯಿತು. ಬದುಕಿದರು. ಕತ್ತಿನಿಂದ ಕೆಳಗೆ ಏನೂ ಅಲುಗಲಿಲ್ಲ. ಬಿದ್ದಾಗ ಮುರಿಯಿತೋ, ಎತ್ತಿದಾಗ ಮುರಿಯಿತೋ ಎಂದು ಅವರ ತಮ್ಮ ಡಾಕ್ಟರನ್ನು ಕೇಳಿದರು. ಅದನ್ನು ಹೇಳಲಾಗದು ಎಂದರು ಡಾಕ್ಟರು. ತಮ್ಮ ಹೊರಗೆ ಬಂದು ನನ್ನ ಎದುರು ನಿಂತು, "ಏನ್ ಮಾಡಾಣ ಹೇಳಮ್ಮ" ಅಂದರು. ಎತ್ತಿದ ಆ ಗಿರಾಕಿ ಒಂದು ದಿನ ಹಣ್ಣು ಹಿಡಿದುಕೊಂಡು ಪ್ರೆಸ್ಸಿಗೆ ಬಂದರು, ಆ ತಾಯಿ ಹೇಗಿದ್ದಾರೆ ಎಂದು ಕೇಳಿಕೊಂಡು. ಮಾಲೀಕರು, ಪರವಾಗಿಲ್ಲ, ಸುಧಾರಿಸ್ಕೋತಿದ್ದಾರೆ ಅಂದರು.

ಅಕ್ಕನನ್ನು ದಂಡಿನಶಿವರದ ತಮ್ಮನ ಮನೆಗೆ ಕರೆತಂದು ಮುಂದಿನ ಕೋಣೆಯಲ್ಲಿ ಮಲಗಿಸಿದರು. ನಾನು ಭಾನುವಾರಗಳಲ್ಲಿ ಬಸ್ಸು ಹತ್ತಿ ಹೋಗುತ್ತಿದ್ದೆ. ತಮ್ಮನ ಹೆಂಡತಿ ಕೈ ಕಾಲು ಉಜ್ಜಿ, ಮಗ್ಗುಲು ಹೊರಳಿಸಿ, ಊಟ ಮಾಡಿಸಿ, ಒಂದು ದಿನವೂ ಮುಖ ಗಂಟಿಕ್ಕದೆ ನೋಡಿಕೊಂಡರು. ಅಷ್ಟು ಮಾಡಿದರೂ ಬೆನ್ನಿಗೆ ಹುಣ್ಣಾಯಿತು. ಅಕ್ಕನ ಮಾತು ಮಾತ್ರ ಹಾಗೇ ಇತ್ತು. ಪ್ರೆಸ್ಸಿನ ಪ್ರೂಫ್ ತರಲು ಹೇಳುತ್ತಿದ್ದರು. ನಾನು ಕಾಗದವನ್ನು ಅವರ ಮುಖದ ಮೇಲೆ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಎರಡೂ ಕೈಯಿಂದ ಹಿಡಿಯುತ್ತಿದ್ದೆ. ಮೂರನೇ ಸಾಲು, ಒತ್ತು ಬಿಟ್ಟಿದೀಯ ಅನ್ನುತ್ತಿದ್ದರು. ಬಿಟ್ಟಿರುತ್ತಿದ್ದೆ. ಸೂರನ್ನೇ ನೋಡುತ್ತಾ ಮಲಗಿದ್ದವರು ಒಂದು ದಿನ ತಮ್ಮನನ್ನು ಕರೆದು, ಆ ಜಂತೆ ತೊಲೆ ಮೇಲೆ ಕೂರೋ ಕಡೆ ಬಿಟ್ಟೈತೆ ನೋಡು ಅಂದರಂತೆ. ಏಣಿ ಹಾಕಿ ನೋಡಿದರೆ ನಿಜವಾಗಿಯೂ ಬೆರಳು ತೂರುವಷ್ಟು ಬಿಟ್ಟಿತ್ತು. ಪಟ್ಟಿ ಹೊಡೆಸಿದರು.

ಸ್ಟ್ಯಾಂಡಿನ ವಿಷಯವನ್ನು ನಾನಾಗಿ ಎತ್ತಿರಲಿಲ್ಲ. ಅವರೇ ಕೇಳಿದರು.

"ಅದೇನಾಯ್ತು?"

"ಅಲ್ಲೇ ಐತೆ ಅಕ್ಕ."

"ಕೂಡು?"

"ಬಿಟ್ಟಿಲ್ಲ. ಏನೂ ಆಗಿಲ್ಲ."

ಅವರು ಕಣ್ಣು ಮುಚ್ಚಿದರು. ಒಳಗಡೆ ತಮ್ಮನ ಹೆಂಡತಿ ಕಾಯಿ ತುರಿಯುವ ಸದ್ದು ಕೇಳುತ್ತಿತ್ತು. ಆಮೇಲೆ ಕಣ್ಣು ಬಿಡದೆಯೇ ಹೇಳಿದರು. "ಸಡ್ಲ ಇದ್ದಿದ್ರೆ ನಾನು ಅದ್ನ ನಂಬ್ತಿರ್ಲಿಲ್ಲ ಕಣೇ."

ಹಾಗಲ್ಲ ಅಕ್ಕ, ನೀವು ಮಾಡಿದ್ದರಲ್ಲಿ ತಪ್ಪಿರಲಿಲ್ಲ ಅಂದಿದ್ದರೆ, ಅದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಅವರು ಒಂದೊಂದು ಮೂಲೆಯನ್ನೂ ಭದ್ರ ಮಾಡಿದ್ದರು, ತಳ್ಳಿಸಿ ನೋಡಿದ್ದರು, ಮೇಜಿಗೆ ಬಿಗಿಸಿದ್ದರು, ಗೋಡೆಗೆ ಒತ್ತಿಸಿದ್ದರು, ಬಿದ್ದರೆ ಏನು ಮಾಡಬೇಕೆಂದು ನಮಗೆ ಹೇಳಿಯೂ ಇದ್ದರು. ಅವರು ಬಿಟ್ಟಿದ್ದು ಏನೂ ಇರಲಿಲ್ಲ. ನಾನು ಹಾಸಿಗೆಯ ಅಂಚಿನಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಹಿಡಿದ ಮೇಲೆ, ಅದು ಅವರಿಗೆ ತಿಳಿಯುವುದಿಲ್ಲ ಎಂದು ಹೊಳೆದು, ಕೆನ್ನೆಯ ಮೇಲೆ ಕೈ ಇಟ್ಟೆ.

ಕೊನೆಯ ಸಲ ಹೋದಾಗ ಬೇಸಿಗೆ ಏರಿತ್ತು. ನಡುಮಧ್ಯಾಹ್ನ ಕರೆಂಟು ಹೋಯಿತು. ತಮ್ಮ ತೋಟಕ್ಕೆ ಹೋಗಿದ್ದರು. ತಮ್ಮನ ಹೆಂಡತಿ ಬೆಳಗಿನಿಂದ ನಿಂತೇ ಇದ್ದವರು, ನೀವಿದ್ದೀರಲ್ಲ ಎಂದು ಹೇಳಿ ಒಳಗೆ ಸ್ವಲ್ಪ ಅಡ್ಡಾದರು. ಫ್ಯಾನು ನಿಂತದ್ದೇ ತಡ ಅಕ್ಕನ ಹಣೆಯ ಮೇಲೆ ಬೆವರು ಸಾಲು ಕಟ್ಟಿತು. ನೊಣಗಳು ಬಂದವು. ಒಂದು ಹುಬ್ಬಿನ ಮೇಲೆ ಕೂತಿತು, ಅವರು ಹುಬ್ಬು ಹಾರಿಸಿದರು. ಎದ್ದು ತುಟಿಯಂಚಿಗೆ ಬಂತು, ತುಟಿ ಕೊಂಕಿಸಿ ಊದಿದರು. ಅವರ ಕೈಲಾಗುವುದು ಅಷ್ಟೇ ಉಳಿದಿತ್ತು. ನಾನು ಮಂಚದ ಕೆಳಗಿದ್ದ ಒಂದು ರಟ್ಟು ತೆಗೆದುಕೊಂಡು ಬೀಸತೊಡಗಿದೆ.

ಕರೆಂಟು ಬರಲಿಲ್ಲ. ನಾನು ವಾಪಸು ಹೋಗಬೇಕಿದ್ದ ತಿಪಟೂರಿನ ಬಸ್ಸು ಹಾರ್ನ್ ಹೊಡೆದುಕೊಂಡು ಊರಬಾಗಿಲು ದಾಟಿ ಹೋಯಿತು. ಅಕ್ಕ ಅದನ್ನು ಕೇಳಿಸಿಕೊಂಡರು, ನಾನು ಏಳಲಿಲ್ಲ ಎಂಬುದನ್ನೂ ಗಮನಿಸಿದರು. ರಟ್ಟು ಬೀಸುವ ಸದ್ದೊಂದೇ ಇತ್ತು. ನನ್ನ ತೋಳು ಭಾರವಾಗಿ, ಬೀಸುವುದು ನಿಧಾನವಾಯಿತೆಂದು ಕಾಣುತ್ತದೆ.

"ಕೈ ನೋಯ್ತಿದೆಯಾ?" ಎಂದು ಕೇಳಿದರು.

"ಇಲ್ಲ ಅಕ್ಕ."

"ಸುಳ್ಳು ಹೇಳಬೇಡ. ಕೈ ಬದಲಾಯಿಸ್ಕೋ."

ನಾನು ಕೈ ಬದಲಾಯಿಸಿಕೊಂಡೆ.